ಇಮ್ಯಾಟಿನಿಬ್ ಮಾತ್ರೆ: ರಕ್ತ ಕ್ಯಾನ್ಸರ್ ರೋಗಿಗಳು ಅರಿತಿರಬೇಕಾದ ಎಚ್ಚರಗಳು

ರಕ್ತ ಕ್ಯಾನ್ಸರಿನ ಹಲವು ಬಗೆಗಳಲ್ಲಿ ಸಿಎಂಎಲ್ ಎಂದು ಕರೆಯಲಾಗುವ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ಒಂದು. ಮೂಳೆಯ ಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಹತೋಟಿ ತಪ್ಪಿ ಹೆಚ್ಚುವುದು ಈ ರೋಗದ ಸ್ವರೂಪ. 2001ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಇಮ್ಯಾಟಿನಿಬ್ ಮಾತ್ರೆ ಇದರ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ರೋಗಿಯು ಆಸ್ಪತ್ರೆಯ ಹಾಸಿಗೆ ಹಿಡಿಯದೆ, ಮನೆಯಲ್ಲೇ ಮಾತ್ರೆ ನುಂಗಿ, ಎಂದಿನ ಕೆಲಸ ಮಾಡಿಕೊಂಡು ಅನೇಕ ವರ್ಷ ಬಾಳುವುದು ಸಾಧ್ಯವಾಯಿತು. ಆದರೆ ಅದರೊಂದಿಗೆ ಚಿಕಿತ್ಸೆಯ ಹೊಣೆಯ ದೊಡ್ಡ ಪಾಲು ರೋಗಿ ಹಾಗೂ ಮನೆಯವರ ಮೇಲೆ ಬಿದ್ದಿತು.

ಮಾತ್ರೆಯ ಕಾರ್ಯ

ನಮ್ಮ ಜೀವಕೋಶದ 9 ಮತ್ತು 22ನೇ ವರ್ಣತಂತುಗಳ ತುಣುಕುಗಳು ಅದಲುಬದಲಾದಾಗ ‘ಫಿಲಡೆಲ್ಫಿಯಾ ವರ್ಣತಂತು’ ಹುಟ್ಟುತ್ತದೆ. ಇದನ್ನು ವಿಜ್ಞಾನಿಗಳು ಮೊದಲು ಗುರುತಿಸಿದ್ದು 1960ರಲ್ಲಿ. ಇದರಿಂದ ತಯಾರಾಗುವ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನು ಬಿಳಿ ಕಣಗಳಿಗೆ ‘ಬೆಳೆಯಿರಿ’ ಎಂಬ ಸಂದೇಶವನ್ನು ಎಡೆಬಿಡದೆ ಕಳುಹಿಸುತ್ತದೆ. ಇಮ್ಯಾಟಿನಿಬ್ ಈ ಪ್ರೋಟೀನನ್ನು ತಡೆಹಿಡಿಯುತ್ತದೆ. ಔಷಧವು ರಕ್ತದಲ್ಲಿ ಸಾಕಷ್ಟು ಪ್ರಮಾಣದಲ್ಲಿ ಇರುವವರೆಗೆ ಮಾತ್ರ ಈ ತಡೆ ಉಳಿಯುತ್ತದೆ. ಆದ್ದರಿಂದಲೇ ಮಾತ್ರೆಯನ್ನು ಪ್ರತಿದಿನವೂ ಸೇವಿಸಬೇಕಾಗುತ್ತದೆ.

ಸೇವಿಸುವ ಕ್ರಮ

ರೋಗದ ಆರಂಭಿಕ ಹಂತದಲ್ಲಿರುವ ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೊಮ್ಮೆ 400 ಮಿಲಿಗ್ರಾಂ ನೀಡಲಾಗುತ್ತದೆ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಈ ಮಾತ್ರೆ ಹೊಟ್ಟೆಯನ್ನು ಕೆರಳಿಸುವುದರಿಂದ ಊಟದೊಂದಿಗೆ, ದೊಡ್ಡ ಲೋಟದ ತುಂಬ ನೀರಿನ ಜೊತೆ ಸೇವಿಸುವುದು ಕ್ರಮ. ಏಕಾದಶಿ, ರಂಜಾನ್ ಮುಂತಾದ ಉಪವಾಸಗಳಿದ್ದರೆ ಮಾತ್ರೆಯನ್ನು ಬಿಡದೆ, ಯಾವ ಹೊತ್ತಿನ ಆಹಾರದೊಂದಿಗೆ ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಮೊದಲೇ ಕೇಳಬೇಕು.

ಮಾತ್ರೆಯನ್ನು ಕುಟ್ಟಿ ಪುಡಿ ಮಾಡಬಾರದು. ನುಂಗಲಾರದವರು 400 ಮಿಲಿಗ್ರಾಂ ಮಾತ್ರೆಯನ್ನು ಸುಮಾರು 200 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಕೂಡಲೇ ಕುಡಿಯಬಹುದು. ಒಡೆದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು. ಮಾತ್ರೆಗಳನ್ನು ತೇವವಿಲ್ಲದ ಜಾಗದಲ್ಲಿ, ಮಕ್ಕಳ ಕೈಗೆಟುಕದಂತೆ ಇಡಬೇಕು.

ಒಂದು ದಿನ ಮರೆತರೆ ನೆನಪಾದ ಕೂಡಲೇ ಸೇವಿಸಬಹುದು. ಮುಂದಿನ ಮಾತ್ರೆಯ ಹೊತ್ತು ಸಮೀಪಿಸಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಬೇಕು. ಎರಡನ್ನೂ ಒಟ್ಟಿಗೆ ನುಂಗುವುದು ಸಲ್ಲದು.

ಬೇರೆ ಔಷಧ, ಆಹಾರ

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಇಮ್ಯಾಟಿನಿಬ್‌ನ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸುತ್ತವೆ. ಕ್ಲಾರಿಥ್ರೋಮೈಸಿನ್, ಕೀಟೊಕೊನಜೋಲ್ ಅದನ್ನು ಏರಿಸುತ್ತವೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು, ಥೈರಾಯ್ಡ್ ಗ್ರಂಥಿಯನ್ನು ತೆಗೆಸಿಕೊಂಡು ಮಾತ್ರೆ ಸೇವಿಸುವವರು ಆ ಸಂಗತಿಯನ್ನು ಮುಂಚಿತವಾಗಿ ತಿಳಿಸಬೇಕು. ಜ್ವರ, ನೋವಿಗೆ ಅಂಗಡಿಯಿಂದ ತರುವ ಮಾತ್ರೆ, ನಾಟಿ ಮದ್ದು, ಕಷಾಯ ಯಾವುದನ್ನೂ ವೈದ್ಯರಿಂದ ಮುಚ್ಚಿಡಬಾರದು.

ಗ್ರೇಪ್‌ಫ್ರೂಟ್ ಹಣ್ಣು ಹಾಗೂ ಅದರ ರಸ ವರ್ಜ್ಯ. ದೇವನಹಳ್ಳಿಯಲ್ಲಿ ಹೆಸರಾದ ಚಕ್ಕೋತವೂ ಅದೇ ವರ್ಗಕ್ಕೆ ಸೇರಿದ್ದರಿಂದ ಅದರಿಂದಲೂ ದೂರವಿರುವುದು ಲೇಸು.

ಅಡ್ಡ ಪರಿಣಾಮಗಳು

ಕಣ್ಣಿನ ಸುತ್ತ ಊತ, ಸ್ನಾಯು ಸೆಳೆತ, ವಾಕರಿಕೆ, ಭೇದಿ, ಚರ್ಮದ ಮೇಲೆ ಗಂಧೆ ಸಾಮಾನ್ಯವಾಗಿ ಕಾಣುತ್ತವೆ. ಹೆಚ್ಚಿನವನ್ನು ವೈದ್ಯರು ಹತೋಟಿಗೆ ತರಬಲ್ಲರು. ಜ್ವರ, ರಕ್ತಸ್ರಾವ, ಕಪ್ಪು ಮಲ, ಉಸಿರಾಟದ ತೊಂದರೆ, ಕಾಮಾಲೆ, ಮೈತೂಕದಲ್ಲಿ ದಿಢೀರ್ ಏರಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆಯ ಅವಧಿಯಲ್ಲಿ ಸ್ತ್ರೀಯರು ಗರ್ಭ ಧರಿಸದಂತೆ ಎಚ್ಚರ ವಹಿಸಬೇಕು. ಮಗುವಿಗೆ ಎದೆಹಾಲು ಕೊಡಬಾರದು.

‘ಗುಣವಾಯಿತು’ ಎಂಬ ಭ್ರಮೆ

ಕೆಲವು ವಾರಗಳಲ್ಲಿ ರಕ್ತಕಣಗಳ ಸಂಖ್ಯೆ ಸರಿಹೋಗಿ, ಗುಲ್ಮದ ಊತ ಇಳಿದು ರೋಗಿಗೆ ಹಾಯೆನಿಸುತ್ತದೆ. ಅಪಾಯವಿರುವುದು ಇಲ್ಲಿಯೇ. ಜಾತ್ರೆ, ಮದುವೆ, ಪ್ರಯಾಣ, ಹಣದ ಅಡಚಣೆ ಎಂದು ಮಾತ್ರೆ ತಪ್ಪತೊಡಗುತ್ತದೆ. 2010ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದರಲ್ಲಿ, ನಿಗದಿತ ಮಾತ್ರೆಗಳಲ್ಲಿ ಶೇ 90ಕ್ಕಿಂತ ಹೆಚ್ಚು ಸೇವಿಸದವರಲ್ಲಿ ರೋಗ ಆಳವಾಗಿ ಹತೋಟಿಗೆ ಬರುವ ಸಾಧ್ಯತೆ ತೀರ ಕಡಿಮೆಯಾಗಿತ್ತು. ಎಂದರೆ, ತಿಂಗಳಿಗೆ ಮೂರು ಮಾತ್ರೆ ತಪ್ಪುವುದೂ ಸಣ್ಣ ಮಾತಲ್ಲ. ಹಿಡಿತ ಸಡಿಲವಾದರೆ ರೋಗ ಮರುಕಳಿಸಬಹುದು. ಉಲ್ಬಣ ಹಂತಕ್ಕೆ ಏರಿದರೆ ಪ್ರಾಣಕ್ಕೇ ಸಂಚಕಾರ.

ಮೊದಲ ತಿಂಗಳು ವಾರಕ್ಕೊಮ್ಮೆ, ಎರಡನೆಯ ತಿಂಗಳು ಎರಡು ವಾರಕ್ಕೊಮ್ಮೆ ರಕ್ತಕಣಗಳ ಎಣಿಕೆ ಆಗಬೇಕು. ಬಿಸಿಆರ್-ಎಬಿಎಲ್ ಪ್ರಮಾಣ ತಿಳಿಸುವ ಪಿಸಿಆರ್ ಪರೀಕ್ಷೆಯನ್ನು ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ ಮಾಡಿಸಲಾಗುತ್ತದೆ. ವರ್ಷಗಟ್ಟಲೆ ರೋಗದ ಸುಳಿವು ಕಾಣದ ಕೆಲವರಲ್ಲಿ ಮಾತ್ರೆ ನಿಲ್ಲಿಸಿ ನೋಡುವ ಪದ್ಧತಿಯೂ ಇದೆ. ಆದರೆ ಅದು ಪದೇ ಪದೇ ಪರೀಕ್ಷೆ ನಡೆಸುತ್ತ ತಜ್ಞರು ಕೈಗೊಳ್ಳುವ ನಿರ್ಧಾರವೇ ಹೊರತು ರೋಗಿ ತಾನಾಗಿ ಮಾಡುವಂಥದಲ್ಲ.

ಬೆಲೆ ಭಾರವೆನಿಸಿದರೂ ಮಾತ್ರೆ ಬಿಡದೆ ವೈದ್ಯರಲ್ಲಿ ಹೇಳಿಕೊಳ್ಳಬೇಕು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಈ ಔಷಧದ ಪೇಟೆಂಟ್ ಕೋರಿಕೆಯನ್ನು ತಳ್ಳಿಹಾಕಿತು. ಹೀಗಾಗಿ ಭಾರತೀಯ ಕಂಪನಿಗಳ ಅಗ್ಗದ ಮಾತ್ರೆಗಳು ದೊರೆಯುತ್ತವೆ. ಮನೆಯ ಕ್ಯಾಲೆಂಡರಿನಲ್ಲಿ ದಿನದಿನವೂ ಗುರುತು ಹಾಕುವುದು, ಡಬ್ಬಿ ಮುಗಿಯುವ ವಾರ ಮೊದಲೇ ಹೊಸದನ್ನು ತಂದಿಡುವುದು ಚಿಕಿತ್ಸೆಯ ಭಾಗವೇ ಎಂದು ತಿಳಿಯಬೇಕು.