ಲೆಸ್ಲಿ ಕೋಲ್ಮನ್

ಲೆಸ್ಲಿ ಚಾರ್ಲ್ಸ್ ಕೋಲ್ಮನ್ (1878–1954) ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ವಿಜ್ಞಾನಿ. ಮಣ್ಣಿನ ಬ್ಯಾಕ್ಟೀರಿಯಾಗಳ ಅಧ್ಯಯನದಿಂದ ವೃತ್ತಿಜೀವನವನ್ನು ಆರಂಭಿಸಿದ ಇವರು, ಅಡಿಕೆಯ ಕೊಳೆರೋಗದ ಹತೋಟಿಗಾಗಿ ಮಲೆನಾಡಿನಲ್ಲಿ ಬೋರ್ಡೋ ದ್ರಾವಣದ ಬಳಕೆಯನ್ನು ರೂಢಿಗೆ ತಂದವರೆಂದು ಪ್ರಸಿದ್ಧರಾಗಿದ್ದಾರೆ.

ಶಿಕ್ಷಣ

ಕೋಲ್ಮನ್ ಹುಟ್ಟಿದ್ದು ಒಂಟಾರಿಯೋ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದ ಪದವಿಯ ನಂತರ ಜರ್ಮನಿಯ ಗಾಟಿಂಗೆನ್‌ಗೆ ತೆರಳಿ, ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿನ ಅಮೋನಿಯವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಕ್ರಿಯೆಯನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸರ್ಕಾರದ ಶಿಲೀಂಧ್ರ ಹಾಗೂ ಕೀಟಶಾಸ್ತ್ರಜ್ಞರಾಗಿ ನೇಮಕಗೊಂಡರು. ಎರಡು ಶಾಸ್ತ್ರಗಳ ಹೊಣೆ ಒಬ್ಬರದೇ ಆಗಿತ್ತು.

ಕೊಳೆರೋಗ

ಮುಂಗಾರು ಬಲವಾಗಿ ಹಿಡಿದ ದಿನಗಳಲ್ಲಿ ಎಳೆಯ ಅಡಿಕೆ ಕೊಳೆತು ಉದುರುವುದೇ ಕೊಳೆರೋಗ. ಒಂದೆರಡು ವಾರಗಳಲ್ಲಿ ವರ್ಷದ ಫಸಲೇ ನೆಲಕ್ಕೆ ಬೀಳಬಹುದು. ಸಾಲ ತಂದು ತೋಟ ನಡೆಸುವ ಬೆಳೆಗಾರನಿಗೆ ಅದು ಬದುಕಿನ ಪ್ರಶ್ನೆ. ಗೊನೆಗಳ ಮೇಲೆ ಮಳೆ ಬೀಳದಂತೆ ಕೊಟ್ಟೆ ಕಟ್ಟುವುದು ಹಳೆಯ ಉಪಾಯವಾಗಿತ್ತು. ರೋಗಕ್ಕೆ ಫೈಟೊಫ್ತೊರ ಗುಂಪಿನ ಜೀವಿ ಕಾರಣವೆಂದು ಗುರುತಿಸಿದ ಕೋಲ್ಮನ್, 1910ರಲ್ಲಿ ಅದನ್ನು ವಿವರಿಸಿದರು. ಆ ಕಾಲದಲ್ಲಿ ಶಿಲೀಂಧ್ರವೆಂದೇ ಎಣಿಸಲಾಗಿದ್ದ ಈ ಗುಂಪನ್ನು ಇಂದು ಶಿಲೀಂಧ್ರಗಳಿಂದ ಬೇರ್ಪಡಿಸಲಾಗಿದೆ.

ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅವರು ಅಡಿಕೆಗೆ ಪ್ರಯೋಗಿಸಿದರು. ಆದರೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಔಷಧಿ ಮಲೆನಾಡಿನ ಮಳೆಯಲ್ಲಿ ತೊಳೆದುಹೋಗಬಾರದಲ್ಲ! ಅದಕ್ಕಾಗಿ ರಾಳ ಮತ್ತು ಸೋಡಾದ ಅಂಟನ್ನು ಬೆರೆಸುವ ಕ್ರಮ ಬಂದಿತು. ಮಳೆಗಾಲಕ್ಕೆ ಮುನ್ನ ಕೊನೆಗೌಡರು ಮರವೇರಿ ಗೊನೆಗಳಿಗೆ ಬೋರ್ಡೋ ಹೊಡೆಯುವ ಪದ್ಧತಿ ಮಲೆನಾಡಿನಲ್ಲಿ ಇಂದಿಗೂ ಉಳಿದಿದೆ.

ಇತರ ಕಾರ್ಯಗಳು

ಬಯಲುಸೀಮೆಯ ಜೋಳವನ್ನು ತಿನ್ನುವ ರೆಕ್ಕೆಯಿಲ್ಲದ ಮಿಡತೆಯನ್ನೂ ಅವರು ಅಧ್ಯಯನ ಮಾಡಿದರು. ಆ ಕೀಟದ ಕುಲಕ್ಕೆ 'ಕೋಲ್ಮೇನಿಯಾ' ಎಂಬ ಹೆಸರು ಬಂದದ್ದು ಅವರಿಂದಲೇ. ಹೆಬ್ಬಾಳದ ಕೃಷಿ ಶಾಲೆ (1913), ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ (1925) ಅವರ ಅಧಿಕಾರಾವಧಿಯವು. ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಯಲ್ಲಿಯೂ ಅವರ ಪಾತ್ರವಿತ್ತು. ಆಡಳಿತದ ಹೊರೆ ಹೆಚ್ಚಿದಂತೆ ಸೂಕ್ಷ್ಮದರ್ಶಕದ ಮುಂದೆ ಕೂರುವ ಬಿಡುವು ಕಡಿಮೆಯಾದದ್ದು ಸಹಜ.

ನಿವೃತ್ತಿಯ ನಂತರ

1934ರಲ್ಲಿ ಕೆನಡಾಕ್ಕೆ ಮರಳಿದ ಕೋಲ್ಮನ್, ಅರುವತ್ತರ ಹರೆಯದಲ್ಲಿ ಮತ್ತೆ ಪ್ರಯೋಗಾಲಯವನ್ನು ಸೇರಿ ಸಸ್ಯಕೋಶಗಳ ವರ್ಣತಂತುಗಳನ್ನು ಕುರಿತು ಸಂಶೋಧನಾ ಲೇಖನಗಳನ್ನು ಪ್ರಕಟಿಸಿದರು. 1954ರಲ್ಲಿ ನಿಧನರಾದರು.