ದೀಕ್ಷಾಸ್ನಾನ: ಬೈಬಲಿನ ಮೂಲ ಮತ್ತು ಅರ್ಥ

ಕ್ರೈಸ್ತಸಭೆಗೆ ಸೇರುವವರಿಗೆ ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ಕೊಡುವ ಸಂಸ್ಕಾರ. ಕಥೋಲಿಕರಲ್ಲಿ ಜ್ಞಾನಸ್ನಾನವೆಂಬ ಹೆಸರೂ ಉಂಟು.

ಇದರ ಬೇರು ಯೆಹೂದ್ಯರ ಶುದ್ಧಾಚಾರದಲ್ಲಿದೆ. ಕುಷ್ಠ ವಾಸಿಯಾದವರು, ಹೆಣ ಮುಟ್ಟಿದವರು ಮೀಯಬೇಕೆಂದು ಯಾಜಕಕಾಂಡ, ಅರಣ್ಯಕಾಂಡಗಳು ವಿಧಿಸುತ್ತವೆ. ಮೈಲಿಗೆಯಾದಾಗಲೆಲ್ಲ ಮೀಯಬೇಕು, ಮೀಯುವವರು ತಾವೇ ಮೀಯುತ್ತಾರೆ. ಸ್ನಾನಿಕನಾದ ಯೋಹಾನ ಯೊರ್ದನ್ ಹೊಳೆಯಲ್ಲಿ ಮಾಡಿಸಿದ ಸ್ನಾನವೇ ಬೇರೆ. ಅದು ಪಾಪಕ್ಕೆ ಪಶ್ಚಾತ್ತಾಪಪಟ್ಟವರಿಗೆ, ಅವನ ಕೈಯಿಂದಲೇ ಸಿಗುತ್ತಿದ್ದದ್ದು. ಪಾಪವಿಲ್ಲದ ಯೇಸು ಅಲ್ಲಿಗೆ ಬಂದದ್ದೇಕೆ ಎಂಬ ಪ್ರಶ್ನೆ ಆದಿಸಭೆಯನ್ನು ಕಾಡಿತ್ತು. ಮತ್ತಾಯನ ಸುವಾರ್ತೆಯಲ್ಲಿ ಯೋಹಾನನೇ ಹಿಂಜರಿಯುತ್ತಾನೆ.

ನಿಜವಾದ ತಿರುವು ಅಪೊಸ್ತಲ ಪೌಲನದು. ಸುಮಾರು ಕ್ರಿ.ಶ. 57ರಲ್ಲಿ ರೋಮಾಪುರದವರಿಗೆ ಬರೆದ ಪತ್ರದಲ್ಲಿ, ದೀಕ್ಷಾಸ್ನಾನವೆಂದರೆ ಕ್ರಿಸ್ತನೊಡನೆ ಸತ್ತು, ಹೂಳಲ್ಪಟ್ಟು, ಹೊಸ ಜೀವಕ್ಕೆ ಏಳುವುದು ಎಂದ. ಕೊಳೆ ತೊಳೆಯುತ್ತಿದ್ದ ನೀರು ಸಮಾಧಿಯೂ ಆಯಿತು. ಸತ್ತವನಿಗೆ ಹಳೆಯ ಅಂತಸ್ತು ಉಳಿಯದು. ಗಲಾತ್ಯದವರ ಪತ್ರದಲ್ಲಿ ದಾಸ–ಸ್ವತಂತ್ರ, ಯೆಹೂದ್ಯ–ಗ್ರೀಕ ಭೇದ ಅಳಿಯಿತೆಂದು ಅವನು ಹೇಳುವುದು ಈ ಸ್ನಾನದ ಮಾತಿನ ಬೆನ್ನಿಗೇ. ಅದನ್ನು ಬಿಟ್ಟು ಸಂಸ್ಕಾರವನ್ನು ಬರಿಯ ನಾಮಕರಣವೆಂದು ಕಂಡರೆ ಅದರ ತೀಕ್ಷ್ಣತೆಯೇ ಹೋಗುತ್ತದೆ.

ಯೂಫ್ರೆಟಿಸ್ ದಂಡೆಯ ದೂರಾ ಯೂರೋಪಸ್‌ನಲ್ಲಿ ಸುಮಾರು 240ರಲ್ಲಿ ಮನೆಯೊಂದನ್ನು ದೇವಾಲಯವಾಗಿ ಮಾರ್ಪಡಿಸಿದರು. ಅದರ ದೀಕ್ಷಾಸ್ನಾನದ ಕೋಣೆಯಲ್ಲಿ ತೊಟ್ಟಿಯ ಮೇಲೊಂದು ಕಮಾನು, ಕಮಾನಿನೊಳಗೆ ನೀಲಿಯ ಮೇಲೆ ನಕ್ಷತ್ರಗಳು, ಹಿಂದಿನ ಗೋಡೆಯಲ್ಲಿ ಕುರಿ ಹೊತ್ತ ಕುರುಬ. ಪಕ್ಕದ ಗೋಡೆಯಲ್ಲಿ ದೀಪ ಹಿಡಿದು ನಡೆಯುವ ಹೆಂಗಸರು. ಅವರು ಯೇಸುವಿನ ಸಮಾಧಿಗೆ ಹೊರಟವರೆಂದು ಬಹಳ ವಿದ್ವಾಂಸರ ಮತ. ಹಾಗಿದ್ದರೆ ಪೌಲನ ಮಾತೇ ಅಲ್ಲಿ ಚಿತ್ರವಾಗಿದೆ.

ವಿಧಾನದಲ್ಲಿ ಆದಿಸಭೆಗೆ ಹಟವಿರಲಿಲ್ಲ. ಹರಿಯುವ ನೀರು ಉತ್ತಮ, ನೀರು ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ದರೆ ಸಾಕೆಂದು ‘ದಿದಖೆ’ ಎಂಬ ಪ್ರಾಚೀನ ಕೈಪಿಡಿ ಹೇಳುತ್ತದೆ. ಜಗಳ ಬೆಳೆದದ್ದು ಶಿಶುಗಳ ವಿಷಯದಲ್ಲಿ. ಅಪೊಸ್ತಲರ ಕೃತ್ಯಗಳಲ್ಲಿ ಮನೆಮಂದಿಯೆಲ್ಲ ದೀಕ್ಷೆ ಪಡೆದ ಪ್ರಸಂಗಗಳಿವೆ, ಕೂಸುಗಳ ಹೆಸರಿಲ್ಲ. ಸುಮಾರು 200ರಲ್ಲಿ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಮಕ್ಕಳಿಗೆ ತಡಮಾಡಿ ಕೊಡಿ ಎಂದ. ಮುಂದೆ ಬಿಷಪ್ ಆಗಸ್ಟೀನನ ಜನ್ಮಪಾಪದ ಬೋಧೆ ಶಿಶುದೀಕ್ಷೆಯನ್ನು ಗಟ್ಟಿಗೊಳಿಸಿತು. 1525ರಲ್ಲಿ ಜೂರಿಕ್‌ನ ಕೆಲವರು ವಯಸ್ಕರಾಗಿ ಮತ್ತೆ ದೀಕ್ಷೆ ಪಡೆದರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರಲ್ಲಿ ನಗರಸಭೆ ಇದಕ್ಕಾಗಿಯೇ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಲ್ಲಿಸಿತು. ಒಮ್ಮೆ ಕೊಟ್ಟ ದೀಕ್ಷೆಯನ್ನು ಮತ್ತೆ ಕೊಡಬಾರದೆಂದು ಸಭೆಗಳ ಜಾಗತಿಕ ಮಂಡಳಿಯ 1982ರ ಲಿಮಾ ದಸ್ತಾವೇಜು ಹೇಳಿದರೂ, ಬ್ಯಾಪ್ಟಿಸ್ಟ್ ಸಭೆಗಳು ಇಂದಿಗೂ ನಂಬಿಕೆಯನ್ನು ತಾವಾಗಿ ಅರಿಕೆ ಮಾಡಿದವರಿಗಷ್ಟೇ ದೀಕ್ಷೆ ಕೊಡುತ್ತವೆ.