ಹಳೇ ಲ್ಯಾಪ್‌ಟಾಪ್, ನುಡಿ ಫೈಲು ಮತ್ತು ಲಿನಕ್ಸ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಶಿವಮೊಗ್ಗದಲ್ಲಿ ಕೂತು ಸುದ್ದಿ ಬರೆಯುವ ನಮ್ಮ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಲು ಬರುವುದಿಲ್ಲ. ಅದಕ್ಕೆ ಟಿಪಿಎಂ 2.0 ಭದ್ರತೆ, ಹೊಸ ಪ್ರೊಸೆಸರ್ ಎಲ್ಲ ಬೇಕು. ಹೊಸದು ಕೊಳ್ಳೋಣ ಎಂದರೆ ವರದಿಗಾರಿಕೆಯ ದುಡ್ಡು ಪೆಟ್ರೋಲಿಗೇ ಸರಿಹೋಗುತ್ತದೆ. ಭದ್ರಾವತಿಯಲ್ಲಿ ಡಿಟಿಪಿ ಅಂಗಡಿ ನಡೆಸುವ ಗೆಳೆಯರದ್ದೂ ಇದೇ ಪಾಡು. ಹಾಗಾದರೆ ಲಿನಕ್ಸ್ ನೋಡೋಣ ಎಂದೆವು. ಯಾವ ಲಿನಕ್ಸ್ ಎಂದು ಹುಡುಕಹೊರಟರೆ, ಕಂಪ್ಯೂಟರಿನಲ್ಲಿ ಕನ್ನಡ ನಡೆದು ಬಂದ ದಾರಿಯೇ ಸಿಕ್ಕಿತು.

ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಹೊರತಂದದ್ದು 1991ರಲ್ಲಿ. ಅಕ್ಷರಕ್ಕೊಂದು ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದೂ ಅದೇ ವರ್ಷ. ಕನ್ನಡ ಅದರಲ್ಲೇ ಇತ್ತು. ಆದರೆ ನಮ್ಮ ಕಡೆಯ ಕಚೇರಿ, ಅಂಗಡಿಗಳಿಗೆ ಮೊದಲು ಬಂದವು ಶೇಷಾದ್ರಿವಾಸು ಅವರ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತಿನ ‘ನುಡಿ’. ನುಡಿಯ ಕೀಲಿಮಣೆಗೆ ಮೂಲ ಕೆ.ಪಿ. ರಾವ್ ಅವರ ವಿನ್ಯಾಸ. ಇವು ಇಲ್ಲದಿದ್ದರೆ ನಾವು ಕನ್ನಡದಲ್ಲಿ ಟೈಪ್ ಮಾಡುವುದನ್ನೇ ಕಲಿಯುತ್ತಿರಲಿಲ್ಲ.

ತೊಡಕು ಬೇರೆಡೆ ಇತ್ತು. ಆಗಿನ ನುಡಿ ಫೈಲಿನ ಒಳಗಿರುವುದು ಇಂಗ್ಲಿಷ್ ಮತ್ತಿತರ ಗುರುತುಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿಸುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚುತ್ತದೆ, ಒಂದಕ್ಷರವೂ ಓದಲಾಗುವುದಿಲ್ಲ. ವಿಐಎಸ್‌ಎಲ್ ಕಾರ್ಮಿಕರ ಬಗ್ಗೆ, 1936ರಲ್ಲಿ ಶುರುವಾಗಿ ಪತ್ರಿಕೆಗಳಿಗೆ ಕಾಗದ ಕೊಟ್ಟ ಎಂಪಿಎಂ ಬಗ್ಗೆ ನಾವು ಬರೆದಿಟ್ಟ ವರದಿಗಳೆಲ್ಲ ಇಂಥ ಫೈಲುಗಳಲ್ಲೇ ಇವೆ. ಕಂಪ್ಯೂಟರ್ ಬದಲಾದರೆ ಅವುಗಳ ಗತಿ ಏನು?

ವಿಂಡೋಸ್ ಎಕ್ಸ್‌ಪಿ ಜೊತೆ ಯೂನಿಕೋಡ್ ಕನ್ನಡ ಬಂತು. ಅದರ ಫಾಂಟಿನ ಹೆಸರು ‘ತುಂಗಾ’, ನಮ್ಮೂರ ಹೊಳೆಯದ್ದೇ. (ಭದ್ರಾ ಏನು ಪಾಪ ಮಾಡಿತ್ತು ಎಂಬುದು ಭದ್ರಾವತಿ ಗೆಳೆಯರ ತಕರಾರು.) ಲಿನಕ್ಸ್ ಬದಿಯಲ್ಲಿ ರೆಡ್ ಹ್ಯಾಟ್‌ನ ಲೋಹಿತ್ ಫಾಂಟ್ ಆ ಕೆಲಸ ಮಾಡಿತು.

2004ರಲ್ಲಿ ಉಬುಂಟು ಬಂತು. ಕೇಳಿದವರಿಗೆ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿದ್ದರು, 2011ರವರೆಗೂ. ನಮ್ಮ ದೇಶದ ಸಿ-ಡ್ಯಾಕ್ ‘ಬಾಸ್’ ಎಂಬ ಲಿನಕ್ಸ್ ಮಾಡಿತು. ಕೇರಳವಂತೂ ಸರ್ಕಾರಿ ಶಾಲೆಗಳನ್ನೇ ಲಿನಕ್ಸ್‌ಗೆ ಒಯ್ದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದು ಅದರಲ್ಲೇ. ಇಲ್ಲಿ ನಾವು ನಕಲಿ ವಿಂಡೋಸ್ ಹಾಕಿಸಿಕೊಂಡು, ಪೆನ್‌ಡ್ರೈವ್ ವೈರಸ್ ಜೊತೆ ಗುದ್ದಾಡುತ್ತಾ ಉಳಿದೆವು.

2011ರಲ್ಲಿ ಉಬುಂಟು ತನ್ನ ಪರದೆಯ ರೂಪವನ್ನೇ ಬದಲಿಸಿತು, ಗುಂಡಿಗಳೆಲ್ಲ ಎಡಬದಿಗೆ ಹೋದವು. ಆಗ ಹಳೇ ರೂಪವೇ ಚೆಂದ ಎಂದವರಲ್ಲಿ ಬಹಳ ಮಂದಿ ಲಿನಕ್ಸ್ ಮಿಂಟ್ ಕಡೆ ಹೊರಳಿದರು. 2006ರಲ್ಲಿ ಶುರುವಾದ ಮಿಂಟ್ ಉಬುಂಟುವನ್ನೇ ಆಧರಿಸಿದ್ದು. ಮೆನು ಕೆಳಗೆ ಎಡಮೂಲೆಯಲ್ಲಿ, ವಿಂಡೋಸಿನಂತೆಯೇ. ಹೊಸಬರಿಗೆ ನಾವು ಹೇಳುವುದೂ ಇದನ್ನೇ. 4 ಜಿಬಿ ರ್‍ಯಾಮ್ ಇರುವ ಹಳೇ ಯಂತ್ರವಾದರೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಪೆನ್‌ಡ್ರೈವಿನಿಂದಲೇ ನಡೆಸಿ, ವೈಫೈ, ಪ್ರಿಂಟರ್ ಕೆಲಸ ಮಾಡುತ್ತವೆಯೇ ನೋಡಿ, ಆಮೇಲೆ ಹಾಕಿಕೊಳ್ಳಬಹುದು. ಮೊದಲು ಫೈಲುಗಳ ನಕಲು ತೆಗೆದಿಡಿ. ಒಮ್ಮೆ ಅಂಗಡಿಯೊಂದರಲ್ಲಿ ವಿಂಡೋಸ್ ಮರುಹಾಕಿಸಿದಾಗ ನಮ್ಮ ಡಿ ಡ್ರೈವ್ ಪೂರ್ತಿ ಅಳಿಸಿಹೋಗಿತ್ತು.

ನುಡಿ ಕೀಲಿಮಣೆ ಲಿನಕ್ಸ್‌ನಲ್ಲಿ ‘ಕೆಜಿಪಿ’ ಹೆಸರಿನಲ್ಲಿದೆ, ಬೆರಳಿಗೆ ಹೊಸ ಪಾಠ ಬೇಡ. ನುಡಿ ಫಾಂಟ್ ಹಾಕಿದರೆ ಹಳೇ ಫೈಲುಗಳು ಲಿಬ್ರೆ ಆಫೀಸಿನಲ್ಲಿ ತೆರೆಯುತ್ತವೆ. ಆದರೂ ಯೂನಿಕೋಡ್‌ಗೆ ಬದಲಿಸಿಕೊಳ್ಳುವುದೇ ಸರಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ.

ಭದ್ರಾವತಿಯ ಗೆಳೆಯರಿಗೆ ಪೇಜ್‌ಮೇಕರ್ ಬಿಡಲಾಗಲಿಲ್ಲ. ಒಂದು ಯಂತ್ರದಲ್ಲಿ ವಿಂಡೋಸ್ ಉಳಿಸಿ, ಇಂಟರ್‌ನೆಟ್ ವೈರ್ ಕಿತ್ತಿಟ್ಟಿದ್ದಾರೆ. ನಮ್ಮ ಫೈಲುಗಳಲ್ಲಿ ಪರಿವರ್ತನೆ ಆದಮೇಲೆ ಅಲ್ಲಲ್ಲಿ ಅರ್ಕಾವತ್ತು ಕೆಟ್ಟಿದೆ. ಒಂದೊಂದನ್ನೇ ಓದಿ ತಿದ್ದುತ್ತಾ 2014ರ ವರದಿಗಳವರೆಗೆ ಬಂದಿದ್ದೇವೆ.